ಇನ್ನೂ ಬಣ್ಣ ಬಳಿಸದ ಮನೆ

ಮೊನ್ನೆ ಭಾನುವಾರ ನಮ್ಮ ಊಟದ ಮೇಜಿನ ಮೇಲೆ ಬಣ್ಣದ ಪುಸ್ತಕವೊಂದು ಬಂದು ಕೂತಿತ್ತು. ನೀವೂ ನೋಡಿರುತ್ತೀರಿ, ಪೇಂಟ್ ಅಂಗಡಿಯವರು ಕೊಡುತ್ತಾರಲ್ಲ, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವಂಥದ್ದು. ಮಾಕಳಿಯ ನಮ್ಮ ಹಳೆಯ ಮನೆಯ ಮೇಲೆ ಮಗ ಈಗ ಒಂದು ಮಹಡಿ ಎಬ್ಬಿಸಿದ್ದಾನೆ. ಕೆಳಗೂ ಮೇಲೂ ಒಟ್ಟಿಗೇ ಬಣ್ಣ ಆಗಿಹೋಗಲಿ ಎಂದು ತೀರ್ಮಾನವಾಗಿದೆ. ಸೊಸೆ ದೀಪಾ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, "ಅತ್ತೆ, ಈಗ ಎಲ್ಲರೂ ಗ್ರೇನೇ ಹಾಕಿಸ್ತಿರೋದು. ನೋಡಿ, ಇದೊಂದರಲ್ಲೇ ಹತ್ತೊಂಬತ್ತು ಥರ ಇದೆ," ಎಂದಳು. ನೋಡಿದೆ. ಒಂದಕ್ಕೆ ಮುಂಜಾನೆಯ ಮಂಜಿನ ಹೆಸರು, ಇನ್ನೊಂದಕ್ಕೆ ಪಾರಿವಾಳದ ಹೆಸರು, ಮತ್ತೊಂದಕ್ಕೆ ಹೊಳೆಯ ಕಲ್ಲಿನ ಹೆಸರು, ಎಲ್ಲವೂ ಇಂಗ್ಲಿಷಿನಲ್ಲಿ. ನನಗೆ ನಗು ಬಂದುಬಿಟ್ಟಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗು. ಮಗ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ಏನಮ್ಮಾ ಆಯ್ತು?" ಎಂದ.

ಆಗಿದ್ದನ್ನು ಹೇಳುವುದಕ್ಕೆ ಸರಿಯಾದವರು ನನ್ನ ಅತ್ತೆ. ತೊಂಬತ್ತು ದಾಟಿದ ಅವರು ಆಗ ಒಳಗಿನ ಕೋಣೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಎಚ್ಚರವಿದ್ದಿದ್ದರೆ ಅವರೇ ಹೇಳುತ್ತಿದ್ದರು, ಮತ್ತು ನನ್ನ ಮಾನ ಮೂರು ಕಾಸಿಗೆ ಹೋಗುತ್ತಿತ್ತು. ಆದ್ದರಿಂದ ಅವರು ಏಳುವುದರೊಳಗೆ ನಾನೇ ಹೇಳಿ ಮುಗಿಸಿದೆ, ನೀವೂ ಕೇಳಿಕೊಳ್ಳಿ.

ನಾನು ಹುಟ್ಟಿ ಬೆಳೆದದ್ದು ಯಶವಂತಪುರದ ಒಂದು ವಠಾರದಲ್ಲಿ. ವಠಾರದ ಗೋಡೆಗಳ ಬಣ್ಣ ಮಾಲೀಕರ ಮರ್ಜಿ. ಎರಡು ವರ್ಷಕ್ಕೊಮ್ಮೆ ಯುಗಾದಿಗೆ ಮುಂಚೆ ಅವರ ಕಡೆಯ ಆಳು ಬಂದು ಎಂಟೂ ಮನೆಗೆ ಒಂದೇ ಡ್ರಮ್ಮಿನ ನೀಲಿ ಬಳಿದು ಹೋಗುತ್ತಿದ್ದ. ಮನೆಯೊಳಗೂ ಹಾಗೆಯೇ. ನನ್ನ ಲಂಗಗಳು ಅಕ್ಕಂದಿರಿಂದ ಇಳಿದು ಬಂದವು. ಮದುವೆಯ ಸೀರೆಯನ್ನು ಸೋದರತ್ತೆ ಆರಿಸಿದರು. ಅವರಿಗೆ ನೇರಳೆ ಬಣ್ಣ ಅಂದರೆ ಪ್ರಾಣ, ಹಾಗಾಗಿ ನಾನು ನೇರಳೆ ಉಟ್ಟು ಹಸೆಮಣೆಯ ಮೇಲೆ ಕೂತೆ. ಮದುವೆಯಾಗಿ ದಾಸರಹಳ್ಳಿಯ ಬಾಡಿಗೆ ಮನೆಗೆ ಬಂದರೆ ಅಲ್ಲಿ ಕಣ್ಣಿಗೆ ಹೊಡೆಯುವ ಹಸಿರು. ಇದನ್ನೆಲ್ಲ ದೂರು ಅಂದುಕೊಳ್ಳಬೇಡಿ. ಯಾರೂ ನನಗೆ ಕೆಟ್ಟದ್ದು ಬಯಸಿದವರಲ್ಲ. ನಿನಗೆ ಯಾವುದು ಬೇಕು ಎಂದು ಕೇಳಬೇಕೆಂದು ಅವರಿಗೆ ಹೊಳೆಯಲಿಲ್ಲ, ಅಷ್ಟೆ.

ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದರು, ನಾನು ಅಲ್ಲೇ ಎರಡು ರಸ್ತೆ ಆಚೆ ಇನ್ನೊಂದು ಕಾರ್ಖಾನೆಯಲ್ಲಿ ಕಾಯಿಲ್ ಸುತ್ತುತ್ತಿದ್ದೆ. ಕಾಯಿಲ್ ಎಂದರೆ ಕೂದಲೆಳೆಯಂಥ ತಾಮ್ರದ ತಂತಿಯನ್ನು ಒಂದು ಪುಟ್ಟ ಬಾಬಿನ್ನಿಗೆ ಸಾವಿರಗಟ್ಟಲೆ ಸುತ್ತು ಸುತ್ತುವುದು. ಕಾಲಲ್ಲಿ ಪೆಡಲು, ಎದುರಿಗೆ ಸುತ್ತು ಎಣಿಸುವ ಮೀಟರು, ಬೆರಳ ನಡುವೆ ತಂತಿ. ಬೆರಳು ಬಿಗಿಯಾದರೆ ತಂತಿ ಕಿತ್ತು ಹೋಗುತ್ತದೆ, ಸಡಿಲವಾದರೆ ಸುತ್ತಿನ ಮೇಲೆ ಸುತ್ತು ಬೀಳುತ್ತದೆ. ಇದಕ್ಕೆ ಹೆಂಗಸರ ಬೆರಳೇ ಬೇಕು ಎಂದು ನಮ್ಮ ಸೂಪರ್‌ವೈಸರು ಹೇಳುತ್ತಿದ್ದರು. ಹೊಗಳಿಕೆಯೆಂದು ನಾವು ಬೀಗುತ್ತಿದ್ದೆವು.

ಆ ಯಂತ್ರದ ಬಣ್ಣ ಬೂದು. ತಿಳಿಯಾದ, ಸ್ವಲ್ಪ ನೀಲಿ ಬೆರೆತ ಬೂದು. ತಾಮ್ರದ ತಂತಿ ಬೇರೆ ಯಾವ ಬಣ್ಣದ ಎದುರಿಗೂ ಹಾಗೆ ಕಾಣುವುದಿಲ್ಲ. ಒಂದೊಂದು ಬಾಬಿನ್ ಮುಗಿದಾಗಲೂ ನಾನು ತಂತಿಯಿಂದ ಕಣ್ಣು ತೆಗೆದು ಯಂತ್ರದ ಮೈಮೇಲೆ ಒಂದೆರಡು ಗಳಿಗೆ ಇಡುತ್ತಿದ್ದೆ. ಉರಿಯುತ್ತಿದ್ದ ಕಣ್ಣು ತಣ್ಣಗಾಗುತ್ತಿತ್ತು. ಎಂಟು ಗಂಟೆಯ ದುಡಿಮೆಯಲ್ಲಿ ನನಗೆ ಸಿಗುತ್ತಿದ್ದ ವಿಶ್ರಾಂತಿ ಅದೊಂದೇ. ಪ್ರೀತಿ ಎಲ್ಲೆಲ್ಲಿ ಹುಟ್ಟುತ್ತದೆ ನೋಡಿ! ಬೇರೆಯವರಿಗೆ ಬೆಳದಿಂಗಳಲ್ಲೋ ಮಲ್ಲಿಗೆಯಲ್ಲೋ ಹುಟ್ಟಿದ್ದು ನನಗೆ ಯಂತ್ರದ ಬೆನ್ನಿನಲ್ಲಿ ಹುಟ್ಟಿತು.

ಮಾಕಳಿಯ ಕಡೆ ರಾಗಿ ಹೊಲದಲ್ಲಿ ಆಗಷ್ಟೇ ಸೈಟುಗಳನ್ನು ಅಳೆದು ಕಲ್ಲು ನೆಡುತ್ತಿದ್ದ ಕಾಲ. ನಾವೂ ಒಂದು ತೆಗೆದುಕೊಂಡು, ಎರಡು ಕೋಣೆ, ಒಂದು ಹಾಲು, ಒಂದು ಅಡುಗೆಮನೆ ಕಟ್ಟಿಸಿದೆವು. ಗಾರೆ ಕೆಲಸ ಮುಗಿಯುತ್ತ ಬಂದ ಒಂದು ಸಂಜೆ ಮೂವರೂ ಹೊಸ ಮನೆಯ ಜಗಲಿಯಲ್ಲಿ ಕೂತಿದ್ದೆವು. ಮೂರನೆಯವರು ಅತ್ತೆ, ಹನುಮಕ್ಕ. ನೆಲಮಂಗಲದ ಆಚೆಯ ಹಳ್ಳಿಯವರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗಿದ್ದರು. ಸೊಪ್ಪು ಬಿಡಿಸುತ್ತಿದ್ದರು. ಯಜಮಾನರು ಆಕಾಶ ನೋಡುತ್ತ, "ಬಣ್ಣ ಯಾವುದು ಹೊಡೆಸೋದು?" ಎಂದರು. ಪ್ರಶ್ನೆ ಆಕಾಶಕ್ಕೇ ಕೇಳಿದ್ದಿರಬೇಕು. ಉತ್ತರ ನಾನು ಕೊಟ್ಟೆ.

"ಬೂದು ಬಣ್ಣ."

ಸೊಪ್ಪು ಬಿಡಿಸುವ ಕೈ ನಿಂತಿತು. "ಬೂದಿ ಬಣ್ಣವಾ? ಒಸ ಮನೆಗಾ?"

"ಹೌದು ಅತ್ತೆ. ಒಳಗೂ ಹೊರಗೂ."

"ಮನೆ ಅಂದ್ರೆ ನಾಕ್ ಜನ ಬಂದೋಗೋ ಜಾಗ. ಬೂದಿ ಬಳ್ಕಂಡ್ ಕೂತ್ಕಳಕ್ಕೆ ನಾವೇನ್ ಸನ್ಯಾಸಿಗಳಾ?"

"ವಿಭೂತೀನೂ ಬೂದಿನೇ ಅಲ್ವಾ ಅತ್ತೆ?"

"ಈಬೂತಿ ಅಣೆಗಿಕ್ಕಳಾದು ಕಣೇ, ಗ್ವಾಡೆಗಲ್ಲ."

ನಾನು ಯಜಮಾನರ ಮುಖ ನೋಡಿದೆ. ಅತ್ತೆಯೂ ನೋಡಿದರು. ಅವರು ನಮ್ಮಿಬ್ಬರ ಕಡೆಗೂ ಒಂದೊಂದು ಸಲ ತಲೆಯಾಡಿಸಿ, "ಇಬ್ರೂ ಹೇಳೋದು ಸರಿಯಾಗೇ ಇದೆ," ಎಂದು ಎದ್ದು ನೀರಿನ ತೊಟ್ಟಿ ನೋಡಲು ಹೋದರು. ನಮ್ಮ ಮನೆಯಲ್ಲಿ ಯಾವ ಜಗಳ ಎದ್ದರೂ ಆ ತೊಟ್ಟಿಯಲ್ಲಿ ನೀರು ಎಷ್ಟಿದೆ ಎಂಬುದು ಅವರಿಗೆ ಕರಾರುವಾಕ್ಕಾಗಿ ಗೊತ್ತಿರುತ್ತಿತ್ತು.

ಆ ಕಾಲದಲ್ಲಿ ಹೊಸ ಮನೆ ಎಂದರೆ ಹೊರಗೆ ಗುಲಾಬಿ, ಒಳಗೆ ಪಿಸ್ತಾ ಹಸಿರು. ಬಾಗಿಲಿಗೆ ಕಂದು, ಕಿಟಕಿಗೆ ನೀಲಿ. ತುಮಕೂರು ರಸ್ತೆಯಲ್ಲಿ ಬಸ್ಸಿನಿಂದ ನೋಡುತ್ತ ಬಂದರೆ ಹೊಸ ಬಡಾವಣೆಗಳೆಲ್ಲ ಬರ್ಫಿ ಅಂಗಡಿಯ ಗಾಜಿನ ಕಪಾಟಿನಂತಿದ್ದವು. ಅದರ ನಡುವೆ ನನ್ನದೊಂದು ಬೂದು ಮನೆ. ಹಟವೆಂದರೆ ಹಟವೇ, ಒಪ್ಪಿಕೊಳ್ಳುತ್ತೇನೆ. ಇಪ್ಪತ್ತೈದು ವರ್ಷ ಕೂಡಿಟ್ಟ ಹಟ ಒಂದು ಸಂಜೆಗೆ ಇಳಿಯುವಂಥದ್ದಲ್ಲ.

ಅತ್ತೆಯೂ ಇಳಿಯಲಿಲ್ಲ. ಮರುದಿನ ಬೆಳಗ್ಗೆ ನನಗೆ ಮುದ್ದೆ ಬಡಿಸುತ್ತ ಸಮಾಧಾನದ ದನಿಯಲ್ಲೇ ಹೇಳಿದರು. "ನಿನ್ ಮನೆ, ನಿನ್ ಇಷ್ಟ. ಆ ಬಣ್ಣ ಬಳುದ್ರೆ ನಾನು ಊರ್ನಲ್ಲೇ ಇರ್ತೀನಿ. ನೀವಿಬ್ರೂ ಸುಕವಾಗಿರಿ." ಬಯ್ದಿದ್ದರೆ ನಾನೂ ತಿರುಗಿ ಬೀಳಬಹುದಿತ್ತು. ಅವರು ಬಯ್ಯಲಿಲ್ಲ. ಸಂಜೆ ಬಂದು ನೋಡಿದರೆ ಅವರ ಬಟ್ಟೆಯ ಟ್ರಂಕು ಕೋಣೆಯ ಮೂಲೆಯಿಂದ ಬಾಗಿಲ ಹತ್ತಿರಕ್ಕೆ ಸರಿದಿತ್ತು.

ಇಲ್ಲಿ ಒಂದು ನಿಜ ಹೇಳಬೇಕು. ಅವರು ಹೋಗುವುದು ನನಗೆ ಬೇಡವಾಗಿತ್ತು. ಆರೂವರೆಯ ಕಂಪನಿ ಬಸ್ಸಿಗೆ ನಾನು ಹೊಟ್ಟೆ ತುಂಬಿ ಹತ್ತುತ್ತಿದ್ದದ್ದು ಅವರಿಂದ. ಸೊಸೆ ಕೆಲಸಕ್ಕೆ ಹೋಗುತ್ತಾಳೆಂದು ಊರವರು ಕೊಂಕು ನುಡಿದಾಗ ಅವರ ಬಾಯಿ ಮುಚ್ಚಿಸಿದ್ದು ಅತ್ತೆ. ಬಣ್ಣ ಬಿಟ್ಟುಕೊಡಲೂ ಆಗದು, ಅತ್ತೆಯನ್ನು ಬಿಟ್ಟುಕೊಡಲೂ ಆಗದು. ಎರಡು ವಾರ ನಾನು ಊಟಕ್ಕೆ ಕೂತಾಗಲೆಲ್ಲ ಆ ಟ್ರಂಕನ್ನೇ ನೋಡುತ್ತಿದ್ದೆ.

ಅಷ್ಟರಲ್ಲಿ ಆಯುಧಪೂಜೆ ಬಂತು. ಪೀಣ್ಯದಲ್ಲಿ ಆಯುಧಪೂಜೆಯ ಸಡಗರ ನೋಡಬೇಕು ನೀವು. ವರ್ಷವೆಲ್ಲ ಗೇಟಿನಲ್ಲಿ ತಡೆಯುವ ವಾಚ್‌ಮನ್ ಅವತ್ತು ಒಂದು ದಿನ ಮನೆಮಂದಿಯನ್ನೆಲ್ಲ ಕೈಮುಗಿದು ಒಳಗೆ ಬಿಡುತ್ತಾನೆ. ಅವರವರ ಯಂತ್ರಕ್ಕೆ ಅವರವರದೇ ಅಲಂಕಾರ. ಹಿಂದಿನ ದಿನವೇ ಸೀಮೆಎಣ್ಣೆಯಲ್ಲಿ ಒರೆಸಿ, ಬೆಳಗ್ಗೆ ಕಾಲಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿ, ಕುಂಕುಮ ಇಟ್ಟು, ನಮ್ಮ ಯಂತ್ರವೇ ಚೆಂದ, ನಿಮ್ಮದು ಸಪ್ಪೆ ಎಂದು ಪೈಪೋಟಿ. "ಅತ್ತೆ, ನೀವೂ ಬನ್ನಿ," ಎಂದೆ. ಬರುವುದಿಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ಟ್ರಂಕು ತೆಗೆದು ಒಳ್ಳೆಯ ಸೀರೆ ಉಟ್ಟು ಬಂದರು.

ನಾವು ಕೆಲಸ ಮಾಡುವ ಶಾಪಿನಲ್ಲಿ ಸಾಲಾಗಿ ಮೂವತ್ತು ಯಂತ್ರಗಳು. ಬೂದು ಮೈಮೇಲೆ ಕೆಂಪು, ಹಳದಿ, ಎಲೆ ಹಸಿರು. ಅತ್ತೆ ಬಾಗಿಲಲ್ಲೇ ನಿಂತರು. ನನ್ನ ಯಂತ್ರ ಯಾವುದೆಂದು ಕೇಳಿ, ಅದರ ಹತ್ತಿರ ಹೋಗಿ, ಮಗುವಿನ ಬೆನ್ನು ಮುಟ್ಟುವ ಹಾಗೆ ಕೈಯಾಡಿಸಿದರು. "ಇದ್ರಾಗೆ ಏನೇ ಮಾಡ್ತೀಯ ನೀನು?" ಮದುವೆಯಾಗಿ ಮೂರು ವರ್ಷವಾಗಿತ್ತು. ನಾನು ದಿನವೂ ಏನು ಮಾಡಿ ಬರುತ್ತೇನೆಂದು ಮನೆಯವರು ಕೇಳಿದ್ದು ಅದೇ ಮೊದಲು. ಪೂಜೆ ಇನ್ನೂ ಆಗಿರಲಿಲ್ಲ. ಕೂತು, ಪೆಡಲು ಒತ್ತಿ, ಹತ್ತು ಸುತ್ತು ಸುತ್ತಿ ತೋರಿಸಿದೆ.

"ತಂತಿ ಎಲ್ಲೈತೆ?"

"ಇಲ್ಲೇ ಇದೆ ನೋಡಿ ಅತ್ತೆ."

ಬಗ್ಗಿ, ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. ಬೆರಳು ಚಾಚಿ ಮುಟ್ಟಿದರು. ತಂತಿ ಪಟ್ಟನೆ ತುಂಡಾಯಿತು. "ಅಯ್ಯೋ ಕಿತ್ತೋಯ್ತಲ್ಲೇ!" ಎಂದು ಕೈ ಹಿಂದಕ್ಕೆ ಎಳೆದುಕೊಂಡರು. ಪಕ್ಕದ ಯಂತ್ರದ ಮೇರಿ ಬಿದ್ದು ಬಿದ್ದು ನಕ್ಕಳು. "ಪರವಾಗಿಲ್ಲ ಅಮ್ಮ, ನಿಮ್ ಸೊಸೆ ಮೊದಲ್ನೇ ದಿನ ನಲವತ್ತು ಸಲ ಕಿತ್ತಿದ್ಲು." ಅತ್ತೆ ನಗಲಿಲ್ಲ. ನನ್ನ ಕಣ್ಣುಗಳನ್ನೇ ನೋಡಿದರು. "ಇಷ್ಟ್ ಸಣ್ಣುದ್ನ ದಿನಾ ಬೆಳಗಿಂದ ಸಂಜೆಗಂಟ ನೋಡ್ತೀಯೇನೇ?" ಎಂದರು. ನಾನು ಯಂತ್ರದ ಮೈ ತೋರಿಸಿ, ಕಣ್ಣು ಉರಿದಾಗ ಇದನ್ನು ನೋಡುತ್ತೇನೆ ಎಂದೆ.

ಪುರಿ, ಬೂಂದಿಯ ಪೊಟ್ಟಣ ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆವು. ಜಾಲಹಳ್ಳಿ ಕ್ರಾಸು ದಾಟಿದ ಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ಓಗ್ಲಿ ಬಿಡು. ನಿನ್ ಕಣ್ಣಿಗೆ ತಂಪಾಯ್ತದೆ ಅಂದ್ರೆ ಅದ್ನೇ ಒಡ್ಸು."

ನನಗೆ ಆದ ಸಂತೋಷಕ್ಕೆ ಬಸ್ಸಿನಲ್ಲೇ ಎದ್ದು ಕುಣಿಯಬೇಕಿತ್ತು. ಕುಣಿಯಲಿಲ್ಲ, ಬೂಂದಿ ಪೊಟ್ಟಣ ಬಿಚ್ಚಿ ಎಲ್ಲವನ್ನೂ ಅವರ ಕೈಗೆ ಸುರಿದೆ.

ಇಷ್ಟಕ್ಕೆ ನಿಲ್ಲಿಸಿದ್ದರೆ ನಾನು ಜಾಣೆ ಎನಿಸಿಕೊಳ್ಳುತ್ತಿದ್ದೆ. ಗೆದ್ದವಳಿಗೆ ಜಂಬ ಬರುತ್ತದಲ್ಲ, ನನಗೂ ಬಂತು. ಬೂದು ಎಂದರೆ ಎಂಥದೋ ಬೂದು ಸಾಲದು, ನನ್ನ ಯಂತ್ರದ ಬೂದೇ ಆಗಬೇಕು ಎನಿಸಿತು. ಪೀಣ್ಯದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಯಂತ್ರಕ್ಕೆ ಬಳಿಯುವ ಆಯಿಲ್ ಪೇಂಟ್ ಕೇಳಿದೆ.

"ಯಾವ ಮಷಿನ್‌ಗೆ ಮೇಡಂ? ಲೇತಾ, ಡ್ರಿಲ್ಲಿಂಗಾ?"

"ಮನೆಗೆ."

ಆತ ಡಬ್ಬಿಯನ್ನು ಕೌಂಟರಿನ ಮೇಲಿಟ್ಟು ಕೈ ಅದರ ಮೇಲೇ ಇಟ್ಟುಕೊಂಡ. "ಮೇಡಂ, ಇದು ಕಬ್ಬಿಣಕ್ಕೆ. ಗಾರೆಗೆ ಹಾಕಿದ್ರೆ ಹೇಳಕ್ಕಾಗಲ್ಲ. ಗೋಡೆ ಒಣಗಿದೆಯಾ?" ಒಣಗಿದೆ ಎಂದೆ. ಮುಟ್ಟಿದರೆ ತಣ್ಣಗಿತ್ತು ನಿಜ, ಆದರೆ ಮಳೆಗಾಲ ಮುಗಿದಾಗ ಯಾವ ಗೋಡೆ ತಣ್ಣಗಿರುವುದಿಲ್ಲ? ಮೂರು ವರ್ಷ ಕಾರ್ಖಾನೆಯಲ್ಲಿದ್ದವಳಿಗೆ ಅಂಗಡಿಯವನ ಪಾಠವೇ ಎಂದು ಡಬ್ಬಿಗಳನ್ನು ಹೊರಿಸಿಕೊಂಡು ಬಂದೆ.

ಕಾರ್ತಿಕದಲ್ಲಿ ಗೃಹಪ್ರವೇಶದ ಮುಹೂರ್ತ ಇಟ್ಟಿತ್ತು. ಮೊದಲು ಹಾಲಿನ ಎರಡು ಗೋಡೆ ಮುಗಿಸಿ ನೋಡೋಣವೆಂದು ಒಂದು ರಜೆಯ ದಿನ ನಾನೂ ಯಜಮಾನರೂ ಬ್ರಷ್ಷು ಹಿಡಿದೆವು. ಆಹಾ, ಏನು ಬಣ್ಣ! ಏನು ಹೊಳಪು! ಗೋಡೆಯಲ್ಲಿ ನನ್ನ ನೆರಳು ಕಾಣುತ್ತಿತ್ತು. ಒಂದು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಎಂಟನೆಯ ದಿನ, ಮುಹೂರ್ತಕ್ಕೆ ಇನ್ನು ಹತ್ತು ದಿನವಿದೆ ಎನ್ನುವಾಗ, ಬೀಗ ತೆಗೆದು ಒಳಗೆ ಹೋದರೆ ಗೋಡೆಯ ತುಂಬ ಗುಳ್ಳೆ. ಸಾಸಿವೆ ಗಾತ್ರದ್ದು, ಕಡಲೆ ಗಾತ್ರದ್ದು, ಒಂದೆರಡು ನಿಂಬೆಹಣ್ಣಿನ ಗಾತ್ರದ್ದು. ಒಂದನ್ನು ಒತ್ತಿದೆ, ಒಳಗಿನಿಂದ ನೀರು ಇಳಿಯಿತು. ನಾನು ಸಿಮೆಂಟು ಚೀಲದ ಮೇಲೆ ಕೂತುಬಿಟ್ಟೆ.

ಅತ್ತೆ ಹಿಂದೆಯೇ ಬಂದರು. ಆ ಗೋಡೆ, ಈ ಗೋಡೆ ನೋಡಿದರು. ಈಗ ಬರುತ್ತದೆ ಮಾತು ಎಂದು ನಾನು ತಲೆ ತಗ್ಗಿಸಿದೆ. ನಾನ್ ಅವತ್ತೇ ಏಳಿದ್ನಲ್ಲ ಎನ್ನಲು ಅವರಿಗೆ ಅದಕ್ಕಿಂತ ಒಳ್ಳೆಯ ದಿನ ಸಿಗುತ್ತಿರಲಿಲ್ಲ. ಅವರು ಸೊಂಟದ ಮೇಲೆ ಕೈಯಿಟ್ಟು, ಗಂಭೀರವಾಗಿ ಹೇಳಿದರು.

"ಗ್ವಾಡೆಗೆ ಅಮ್ಮ ಎದ್ದವ್ಳೆ ಕಣೇ. ಬಾಗ್ಲಿಗೆ ಬೇವಿನ್ ಸೊಪ್ಪು ಕಟ್ಟು."

ನನಗೆ ಅಳು ಬರುತ್ತಿತ್ತು, ನಗು ಬಂತು. ಎರಡೂ ಒಟ್ಟಿಗೆ ಬಂದು ಮೂಗೆಲ್ಲ ಒದ್ದೆಯಾಯಿತು. ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಕಬ್ಣ ಬೆವರಾಕಿಲ್ಲ, ಗ್ವಾಡೆ ಬೆವರ್ತದೆ. ನೀನು ಅದ್ರ ಉಸ್ರೇ ಕಟ್ಟಿದ್ರೆ ಅದೇನ್ ಮಾಡ್ತದೆ? ಏಳು. ಸುಣ್ಣ ತರ್ಸು."

ಸುಣ್ಣವೆಂದರೆ ಬಿಳಿ. ಇಷ್ಟೆಲ್ಲ ಆಗಿ ಕೊನೆಗೆ ಬಿಳಿ ಮನೆ. ಸೋತವಳು ಯಾವ ಬಾಯಲ್ಲಿ ಕೇಳುವುದು? ಸುಮ್ಮನೆ ತಲೆಯಾಡಿಸಿದೆ. ಅತ್ತೆ ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಆ ನಿನ್ ಮಿಸಿನ್ನಿನ ಬಣ್ಣುದ್ದು ಒಂದ್ ಚೂರು ಏನಾರ ಇದ್ರೆ ತಕ್ಕಂಬಾ. ನಂಗೆ ಗ್ಯಾಪ್ಕ ಇಲ್ಲ, ನೋಡಿ ಬೆರುಸ್ಬೇಕು."

ಆ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ. ಬೇಡವೆಂದು ಟ್ರಂಕು ಕಟ್ಟಿದ್ದ ಬಣ್ಣವನ್ನು ತಮ್ಮ ಕೈಯಾರೆ ಮಾಡಿಕೊಡಲು ಹೊರಟಿದ್ದರು ಆಕೆ. ನಾನು ಗೋಡೆಯಿಂದ ಒಂದು ಗುಳ್ಳೆಯ ಸಿಪ್ಪೆಯನ್ನೇ ಕಿತ್ತು ಅವರ ಅಂಗೈಯಲ್ಲಿಟ್ಟೆ.

ಮುಂದಿನ ದಿನಗಳನ್ನು ಹೇಗೆ ಹೇಳಲಿ! ಮೇರಿಯೂ ನಮ್ಮ ಸಾಲಿನ ಇನ್ನಿಬ್ಬರೂ ಶಿಫ್ಟು ಮುಗಿಸಿ ನಮ್ಮ ಜೊತೆ ಬಸ್ಸು ಹತ್ತಿ ಬಂದರು. ದೋಸೆ ಮಗುಚುವ ಸಟ್ಟುಗ ಹಿಡಿದು ಹಾಲಿನ ಗೋಡೆ ಕೆರೆದೆವು. ಹೊರಗೆ ಡ್ರಮ್ಮಿನಲ್ಲಿ ಸುಣ್ಣದ ಕಲ್ಲು ಕೊತಕೊತ ಕುದಿಯುತ್ತಿತ್ತು. ಅತ್ತೆ ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡಿ, ಒರಳಲ್ಲಿ ಅರೆದು, ಹಳೆಯ ಸೀರೆಯ ಬಟ್ಟೆಯಲ್ಲಿ ಸೋಸಿದರು. ಸೋಸಿದ ಸುಣ್ಣಕ್ಕೆ ಇಷ್ಟು ಇದ್ದಿಲು, ಇಷ್ಟು ಬಟ್ಟೆಗೆ ಹಾಕುವ ನೀಲಿ. ಅಳತೆಯಿಲ್ಲ, ಎಲ್ಲ ಕಣ್ಣಂದಾಜು. ಬಳಿದ ಮೊದಲ ಪಟ್ಟಿ ನೋಡಿ ನನಗೆ ಜೀವ ಹಾರಿತು. ಕಾರ್ಮೋಡದ ಬಣ್ಣ. "ಅತ್ತೆ, ತುಂಬ ಕಪ್ಪಾಯ್ತಲ್ಲ," ಎಂದೆ. "ಅಸೀದು ಅಂಗೇ ಇರ್ತದೆ. ಒಣಗ್ಲಿ ತಡಿ," ಎಂದು ಅವರು ಎಲೆಯಡಿಕೆ ಹಾಕಿಕೊಂಡು ಕೂತರು. ಬಿಸಿಲು ಕಿಟಕಿಯಿಂದ ಗೋಡೆಯ ಮೇಲೆ ಸರಿಯುತ್ತ ಹೋದ ಹಾಗೆ ಬಣ್ಣ ತಿಳಿಯಾಗುತ್ತ ಬಂತು. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿದ್ದ ಸಿಪ್ಪೆಯನ್ನು ಗೋಡೆಗೆ ಹಿಡಿದರೆ ಸಿಪ್ಪೆ ಎಲ್ಲಿ, ಗೋಡೆ ಎಲ್ಲಿ ಎಂದು ತಿಳಿಯುತ್ತಿರಲಿಲ್ಲ. ಹೊಳಪು ಮಾತ್ರ ಇರಲಿಲ್ಲ, ಅದು ಬೇಕಾಗಿಯೂ ಇರಲಿಲ್ಲ. ಒಂಬತ್ತು ದಿನದಲ್ಲಿ ಇಡೀ ಮನೆ, ಅತ್ತೆ ಮಲಗುವ ಕೋಣೆಯೂ ಸೇರಿ, ಬೂದು.

ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳುತ್ತಾರೆಂದು ನಾನು ಬಾಗಿಲಲ್ಲೇ ನಿಂತಿದ್ದೆ. ಮೊದಲು ಬಂದವರು ಗೋಡೆ ನೋಡಿ, "ಪರವಾಗಿಲ್ಲ ಬಿಡಿ, ಬಣ್ಣ ಮುಂದಿನ ವರ್ಷ ಹೊಡೆಸಿದ್ರಾಯ್ತು," ಎಂದರು. ಎರಡನೆಯವರೂ ಅದನ್ನೇ ಅಂದರು. ಗಾರೆಯ ಬಣ್ಣವೂ ನಮ್ಮ ಬಣ್ಣವೂ ಹೆಚ್ಚುಕಡಿಮೆ ಒಂದೇ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ! ಇಷ್ಟು ಹೋರಾಡಿ, ಕೆರೆದು, ಅರೆದು, ಬಳಿದು, ಕೊನೆಗೆ ನಾವು ಬಣ್ಣ ಬಳಿಸದ ಮನೆಯನ್ನೇ ಕಷ್ಟಪಟ್ಟು ತಯಾರಿಸಿದ್ದೆವು. ಯಜಮಾನರು ತೊಟ್ಟಿಯ ಕಡೆ ಹೊರಟರು.

ಆಗ ನನ್ನ ಸೋದರತ್ತೆ, ಅದೇ ನೇರಳೆಯವರು, ಹೊಸ ನೇರಳೆ ರೇಷ್ಮೆಯುಟ್ಟು ಬಂದು, ಎಲ್ಲರಿಗೂ ಕೇಳುವ ಹಾಗೆ, "ಏನೇ, ಬಣ್ಣದ ಹೊತ್ತಿಗೆ ಕೈ ಖಾಲಿಯಾಯ್ತಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅರಿಶಿನದ ಬಟ್ಟಲು ಹಿಡಿದುಕೊಂಡು ಅಡುಗೆಮನೆಯಿಂದ ಬಂದರು.

"ಬಣ್ಣ ಒಡ್ದೈತೆ ಕಣವ್ವ. ನನ್ ಸೊಸೆ ಕಣ್ಣಿಗೆ ತಂಪು ಅಂತ ನಾನೇ ಅರ್ದು ಬೆರ್ಸಿರಾದು. ನಂಬ್ಕೆ ಇಲ್ದಿದ್ರೆ ವಸಿ ಒರಗ್ಕಂಡ್ ನೋಡು."

ಸೋದರತ್ತೆ ನಗುತ್ತ ಒರಗಿಯೇಬಿಟ್ಟರು. ಅವಸರದಲ್ಲಿ ಸುಣ್ಣಕ್ಕೆ ಅಂಟು ಹಾಕುವುದನ್ನು ನಾವು ಮರೆತಿದ್ದೆವು. ರೇಷ್ಮೆಯ ಬೆನ್ನು ಪೂರ್ತಿ ನನ್ನ ಯಂತ್ರದ ಬಣ್ಣವಾಯಿತು. ನಾನು ನಗಬಾರದಿತ್ತು, ನಕ್ಕೆ. ಕೊನೆಗೆ ಅವರೂ ನಕ್ಕರು. ಅವತ್ತು ಊಟ ಮುಗಿಸಿ ಹೋದ ನೆಂಟರನ್ನು ಹಿಂದಿನಿಂದ ನೋಡಬೇಕಿತ್ತು ನೀವು. ನಮ್ಮ ಮನೆಗೆ ಬಣ್ಣ ಬಳಿದಿದೆ ಎಂಬುದಕ್ಕೆ ಪುರಾವೆ ಪ್ರತಿಯೊಬ್ಬರ ಬೆನ್ನಲ್ಲೂ ಇತ್ತು.

ಆದರೂ ಹೆಸರು ಉಳಿಯಿತು. ಪೋಸ್ಟ್‌ಮನ್ ನಮ್ಮ ಕಾಗದಗಳನ್ನು ಬಣ್ಣ ಬಳಿಸದ ಮನೆಯವರದು ಎಂದು ಬೇರೆ ಇಡುತ್ತಿದ್ದ. ಅಕ್ಕಪಕ್ಕದ ಹೊಲಗಳಲ್ಲಿ ಮನೆಗಳೆದ್ದವು, ರಾಗಿ ಬೆಳೆಯುತ್ತಿದ್ದವರು ಬಾಡಿಗೆ ಬೆಳೆಯತೊಡಗಿದರು, ನಮ್ಮ ಮನೆ ಮಾತ್ರ ಹಾಗೆಯೇ ಇತ್ತು. ಈ ನಲವತ್ತು ವರ್ಷದಲ್ಲಿ ನಾಲ್ಕು ಸಲ ಬಣ್ಣ ಆಗಿದೆ. ನಾಲ್ಕು ಸಲವೂ ಬೂದು. ನಾಲ್ಕು ಸಲವೂ ನಾನೇ ಹೇಳಿದ್ದು, ಯಾರೂ ಎದುರಾಡಲಿಲ್ಲ.

ಇದಿಷ್ಟನ್ನು ಹೇಳಿ ಮುಗಿಸಿದಾಗ ಮಗ ಮೇಜು ತಟ್ಟಿ ನಗುತ್ತಿದ್ದ. ದೀಪಾಳೂ ನಕ್ಕಳು. ಪುಸ್ತಕದ ಪಟ್ಟಿಗಳನ್ನು ಮಡಚುತ್ತ ಕೇಳಿದಳು. "ಅಲ್ಲ ಅತ್ತೆ, ಆಗ ಅಜ್ಜಿಗೆ ಯಾವ ಬಣ್ಣ ಬೇಕಿತ್ತು?"

ಬೂದು ಬೇಡ ಅಂದಿದ್ದರು, ಅದು ಗೊತ್ತು. ಬೇಕಾದದ್ದು ಯಾವುದು ಎಂದು ನಾನು ಕೇಳಿಯೇ ಇರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ ಎಂದು ಇಪ್ಪತ್ತೈದು ವರ್ಷ ಹಟ ಕೂಡಿಟ್ಟವಳು, ಕೂಗಳತೆಯಲ್ಲಿ ಮಲಗುವ ಹೆಂಗಸನ್ನು ನಲವತ್ತು ವರ್ಷ ಕೇಳದೆ ಇದ್ದೆ. ನಾಚಿಕೆಯಾಯಿತು. ಎದ್ದು ಒಳಗೆ ಹೋದೆ.

ಅತ್ತೆ ಎದ್ದು ಕೂತು ಕೂದಲು ಬಿಗಿದು ಗಂಟು ಹಾಕಿಕೊಳ್ಳುತ್ತಿದ್ದರು. ಮಂಚದ ತುದಿಯಲ್ಲಿ ಕೂತು, "ಅತ್ತೆ, ನಿಮಗೆ ಯಾವ ಬಣ್ಣ ಇಷ್ಟ?" ಎಂದೆ.

"ಸೀರೆಗಾ?"

"ಅಲ್ಲ. ಗೋಡೆಗೆ. ಈ ಕೋಣೆಗೆ."

"ಕನಕಾಂಬ್ರದ್ದು." ಒಂದು ಗಳಿಗೆಯೂ ಯೋಚಿಸಲಿಲ್ಲ.

"ಆಗಲೂ ಅದೇ ಬೇಕಿತ್ತಾ?"

"ಊಂ."

"ಮತ್ತೆ ಹೇಳಬಾರದಿತ್ತಾ ಅತ್ತೆ?"

"ಯಾರ್ ಕೇಳಿದ್ರು?" ಎಂದರು. ಅದರಲ್ಲಿ ಮುನಿಸಿರಲಿಲ್ಲ. ಗಂಟು ಬಿಗಿದು ನನ್ನ ಮುಖ ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. "ನಿಂಗೂ ಈಗ ವಯ್ಸಾಯ್ತು. ಬುದ್ಧಿ ಬತ್ತಾ ಐತೆ."

ದೀಪಾಳ ಪುಸ್ತಕದಲ್ಲಿ ಕನಕಾಂಬರ ಇರಲಿಲ್ಲ. ನಾನು ಅರ್ಧ ಮೊಳ ಹೂವನ್ನೇ ಅಂಗಡಿಗೆ ತೆಗೆದುಕೊಂಡು ಹೋದೆ. ಅವರು ಅದೇನೋ ಯಂತ್ರಕ್ಕೆ ತೋರಿಸಿ ಬೆರೆಸಿಕೊಟ್ಟರು. ಬುಧವಾರ ಪೇಂಟರ್ ಬಂದ. ಅತ್ತೆ ಕೋಣೆಯ ಹೊರಗೆ ಕುರ್ಚಿ ಹಾಕಿಸಿಕೊಂಡು, "ಆ ಮೂಲೆ ಬಿಟ್ಟೋಗೈತೆ ನೋಡಪ್ಪ," ಎಂದು ಅವನ ಜೀವ ತಿಂದರು. ಗುರುವಾರ ಬೆಳಗ್ಗೆ ಎಲ್ಲ ಒಣಗಿತು. ಪೂರ್ವದ ಕಿಟಕಿಯ ಬಿಸಿಲಿಗೆ ಇಡೀ ಕೋಣೆ ಹೂ ಮುಡಿದು ನಿಂತಂತಿತ್ತು. ಬೂದು ಬಣ್ಣಕ್ಕೆ ಒಗ್ಗಿದ ನನ್ನ ಕಣ್ಣಿಗೆ ಅದು ಜಾಸ್ತಿಯೇ, ಸುಳ್ಳು ಏಕೆ ಹೇಳಲಿ. ಆದರೂ ನೋಡುತ್ತಲೇ ನಿಂತೆ.

ಅತ್ತೆ ನನ್ನ ಭುಜ ಹಿಡಿದುಕೊಂಡು ಬಾಗಿಲವರೆಗೆ ಬಂದರು. ಹೊಸ್ತಿಲ ಮುಂದೆ ನಿಂತರು. ಸೀರೆಯ ನೆರಿಗೆ ಸ್ವಲ್ಪ ಎತ್ತಿ, ಎಡಗಾಲು ತಡೆದು, ಬಲಗಾಲನ್ನು ಒಳಗಿಟ್ಟರು. ನಾಲ್ಕೂ ಗೋಡೆ ನೋಡಿ ನನ್ನ ಕಡೆ ತಿರುಗಿದರು.

"ಓಗೇ, ಒಲೆ ಮ್ಯಾಲೆ ಆಲಿಕ್ಕು. ಉಕ್ಲಿ."

ಓಡಿದೆ. ಅರವತ್ತೆಂಟರ ಮಂಡಿ ಎಷ್ಟು ಓಡಬಲ್ಲದೋ ಅಷ್ಟು ಓಡಿದೆ. ಹಾಲು ಮೇಲೇರುತ್ತಿದ್ದಂತೆ ದೀಪಾ ಉರಿ ಸಣ್ಣ ಮಾಡಲು ಕೈ ಚಾಚಿದಳು. ಮುಟ್ಟಬೇಡ ಎಂದೆ.